ಸೇಡಂ ರಸ್ತೆ ಪಕ್ಕದ ಓಣಿಯಲ್ಲಿ ಗಾಡಿಗಳ ವೇಗ: ನೀವೇ ಹಂಪ್ ಹಾಕಬಹುದಾ?

ಕಲಬುರಗಿಯ ಸೇಡಂ ರಸ್ತೆ ಪಕ್ಕದ ಓಣಿಯಲ್ಲಿ ಗಾಡಿಗಳು ಜೋರಾಗಿ ಬರುತ್ತವೆ, ಜಾಲಿ ಪೊದೆಯಿರುವ ತಿರುವಿನಲ್ಲಿ ನೀರಿನ ಟ್ಯಾಂಕರ್ ನಿಲ್ಲುತ್ತದೆ, ಮಕ್ಕಳು ಕಾಣುವುದಿಲ್ಲ, ನಾವೇ ಚಂದಾ ಎತ್ತಿ ಹಂಪ್ ಹಾಕಬಹುದಾ ಅಂತ ಕೇಳಿದ್ದೀರಿ. ಮುಖ್ಯ ರಸ್ತೆಯ ಸಿಗ್ನಲ್ ತಪ್ಪಿಸಲು ಗಾಡಿಗಳು ನಿಮ್ಮ ಓಣಿಗೆ ನುಗ್ಗುತ್ತಿರಬೇಕು. ಶಾಲೆ ಹೊತ್ತಿಗೆ, ಸಂಜೆಗೆ ಮಾತ್ರ ಜೋರು, ಮಧ್ಯಾಹ್ನ ಖಾಲಿ ಅಂತ ಬರೆದಿದ್ದೀರಲ್ಲ, ಅದಕ್ಕೇ ಈ ಅನುಮಾನ. ಹೊಸದಾಗಿ ಸಿಸಿ (ಸಿಮೆಂಟ್ ಕಾಂಕ್ರೀಟ್) ರಸ್ತೆ ಆಗಿದ್ದರೆ ಅದೂ ಕಾರಣ ಇರಬಹುದು.

ಚಂದಾ ಎತ್ತಿ ಸಿಮೆಂಟ್ ದಿಣ್ಣೆ ಹಾಕಬೇಡಿ. ನಮ್ಮ ಓಣಿಯಲ್ಲಿ ಹಾಕಿದ್ದೆವು. ಕರೆಂಟ್ ಹೋದ ರಾತ್ರಿ ಅದರ ಮೇಲೆ ಬೈಕಿನಿಂದ ಬಿದ್ದವನು ನಾನೇ! ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ಬರೀ 10 ಸೆಂಟಿಮೀಟರ್ ಎತ್ತರ. ಅದರ ಮೇಲೆ ಬಣ್ಣ, ಮುಂಚೆಯೇ ಎಚ್ಚರಿಕೆ ಫಲಕ ಬೇಕು.

ಮೊದಲು ಮೂರು ದಿನ, ಜೋರಿರುವ ಅರ್ಧ ಗಂಟೆ ಗಾಡಿ ಎಣಿಸಿ. ಮೊಬೈಲಲ್ಲಿ ವಿಡಿಯೋ ಮಾಡಿ. ಸುಮ್ನೆ 'ತುಂಬಾ ತೊಂದರೆ' ಅಂತ ಬರೆದರೆ ಯಾರೂ ಓದುವುದಿಲ್ಲ. ಆಮೇಲೆ ಮನೆ ಮನೆಯ ಸಹಿ ಹಾಕಿಸಿ ಎರಡು ಅರ್ಜಿ ಕೊಡಿ. ಹಂಪ್, ಬೀದಿದೀಪ ಬೇಕೆಂದು ಮಹಾನಗರ ಪಾಲಿಕೆಗೆ. ಫಲಕ, ಶಾಲೆ ಹೊತ್ತಿನಲ್ಲಿ ದೊಡ್ಡ ಗಾಡಿಗೆ ತಡೆ ಬೇಕೆಂದು ಸಂಚಾರ ಪೊಲೀಸರಿಗೆ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ.

ತಿಂಗಳಾದರೂ ಸದ್ದಿಲ್ಲದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ: 'ಇಂಥ ತಾರೀಖಿನ ಅರ್ಜಿ ಮೇಲೆ ಏನು ಕ್ರಮ ಆಗಿದೆ?' ಉತ್ತರಕ್ಕೆ 30 ದಿನದ ಗಡುವು ಇದೆ.

ಅಲ್ಲಿಯವರೆಗೆ ತಿರುವಿನಲ್ಲಿರುವ ಜಾಲಿ ಪೊದೆ ಕಡಿಸಿ, ಅಲ್ಲಿ ನಿಲ್ಲುವ ನೀರಿನ ಟ್ಯಾಂಕರ್ ಸರಿಸಿ. ಮಕ್ಕಳು ಕಾಣದಿರುವುದಕ್ಕೆ ಅರ್ಧ ಕಾರಣ ಅದೇ ಅಲ್ವಾ?