ಅಪ್ಪನ ಪಂಚೆ ಸಡಿಲವಾಗಿದೆ

ಪ್ರಶ್ನೆ: ಅಪ್ಪನಿಗೆ 76 ವರ್ಷ. ಶಿರಸಿ ಹತ್ತಿರ ನಮ್ಮ ಅಡಿಕೆ ತೋಟ. ಈ ಮಳೆಗಾಲದಿಂದ ಅವರು ತೋಟಕ್ಕೆ ಇಳಿಯುತ್ತಿಲ್ಲ. ಪಂಚೆಯೂ ಸಡಿಲ. ಬಿಪಿ, ಶುಗರ್ ಸರಿ ಇದೆ. ವಯಸ್ಸಾಯ್ತು ಅಂತ ಸುಮ್ನಿರಬಹುದಾ?

ಉತ್ತರ: ಬೇಡ. ನನ್ನ ಅಮ್ಮ ಕಾರವಾರದ ಮನೆಯಲ್ಲಿ ಕಾಯಿ ತುರಿಯುವುದನ್ನು ಬಿಟ್ಟಾಗ ನಾನೂ ಸುಮ್ನಿದ್ದೆ. ಆರೇ ತಿಂಗಳಲ್ಲಿ ಬಚ್ಚಲಲ್ಲಿ ಬಿದ್ದರು. ಕೈಯ ಹಿಡಿತ ಮೊದಲೇ ಸೋತಿತ್ತು, ಅಲ್ವಾ?

ವಯಸ್ಸಾದವರ ದೇಹ ಹೀಗೆ ಒಳಗೊಳಗೇ ಸೋಲುವುದಕ್ಕೆ ಇಂಗ್ಲಿಷಿನಲ್ಲಿ ‘ಫ್ರೇಲ್ಟಿ’ ಅಂತಾರೆ. 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಇದಕ್ಕೆ ಐದು ಗುರುತು ಹೇಳಿದರು: ತಾನಾಗಿ ತೂಕ ಇಳಿಯುವುದು, ಸುಸ್ತು, ಸಡಿಲ ಹಿಡಿತ, ನಿಧಾನ ನಡಿಗೆ, ಕಡಿಮೆ ಓಡಾಟ. ಮೂರಿದ್ದರೆ ಬೀಳುವ, ಆಸ್ಪತ್ರೆ ಸೇರುವ ಅಪಾಯ ಜಾಸ್ತಿ. ಜಗಲಿಯಲ್ಲಿ 4 ಮೀಟರ್ ಅಳೆದು, ಅಪ್ಪನನ್ನು ಎಂದಿನಂತೆ ನಡೆಸಿ. 5 ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ಅದು ನಿಧಾನವೇ. ತೂಕ ಇಳಿದಿರುವುದರಿಂದ ವೈದ್ಯರಿಗಂತೂ ಈ ವಾರವೇ ತೋರಿಸಿ.