ಬಣ್ಣದ ಡಬ್ಬಿ ಪಕ್ಕಕ್ಕಿಡಿ, ಮೊದಲು ಸ್ಮೋಕ್ ಬಾಕ್ಸ್ ಬಾಗಿಲು ತೆಗೆಯಿರಿ

ನಿಮ್ಮೂರಲ್ಲಿ ನಿಂತಿರುವ ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ) ಉಗಿ ಎಂಜಿನ್‌ಗೆ ಯಾವ ಬಣ್ಣ ಹಚ್ಚಿದರೆ ಜಾಸ್ತಿ ದಿನ ಬಾಳುತ್ತದೆ, ಮುಂದೆ ಅದನ್ನು ಮತ್ತೆ ಓಡಿಸಬಹುದಾ ಅಂತ ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಪೇಂಟ್ ಅಂಗಡಿಯ ಮುಂದೆ ನಿಂತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹುಬ್ಬಳ್ಳಿ. ನಮ್ಮ ಕಾಕಾ ಇಲ್ಲಿಯ ಲೋಕೋ ಶೆಡ್‌ನಲ್ಲಿ ಫೈರ್‌ಮನ್, ಅಂದರೆ ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವವರು, ಆಗಿದ್ದರು. ಡ್ಯೂಟಿ ಮುಗಿಸಿ ಬಂದರೆ ಕಲ್ಲಿದ್ದಲು ಮತ್ತು ಎಣ್ಣೆಯ ವಾಸನೆ ಅವರಿಗಿಂತ ಮೊದಲು ಮನೆಯೊಳಗೆ ಬರುತ್ತಿತ್ತು. 1990ರ ದಶಕದಲ್ಲಿ ನಮ್ಮ ಕಡೆಯ ಮೀಟರ್ ಗೇಜ್ ಹಳಿಗಳು ಅದಕ್ಕಿಂತ ಅಗಲದ ಬ್ರಾಡ್ ಗೇಜ್ ಆದವು. ಆ ಎಂಜಿನ್‌ಗಳೂ ಹೋದವು, ಆ ವಾಸನೆಯೂ ಹೋಯಿತು. ಹಾಗಾಗಿ ಹುಬ್ಬಳ್ಳಿಯಿಂದ ಸ್ವಲ್ಪ ದೂರದ ಒಂದು ಸಂಸ್ಥೆಯ ಆವರಣದಲ್ಲಿ ವೈಜಿ ಎಂಜಿನ್ ಒಂದು ನಿಂತಿದೆ ಅಂತ ಗೊತ್ತಾದಾಗ ನನಗೆ ನಿದ್ದೆ ಬರಲಿಲ್ಲ. ವೈಜಿ ಅಂದರೆ ಗೂಡ್ಸ್ ಎಳೆಯುವ ಎಂಜಿನ್. ಮುಂದೆ ಎರಡು ಸಣ್ಣ ಗಾಲಿ, ನಡುವೆ ಎಂಟು ದೊಡ್ಡವು, ಹಿಂದೆ ಎರಡು. ಚಿತ್ತರಂಜನ್ ಕಾರ್ಖಾನೆ 1972ರಲ್ಲಿ ಕೊನೆಯದಾಗಿ ಮಾಡಿದ ಉಗಿ ಎಂಜಿನ್ ಕೂಡ ಇದೇ ಜಾತಿಯದು.

ಆರು ಜನ ಗೆಳೆಯರು ಸೇರಿದೆವು. ಅನುಮತಿ ಸಿಕ್ಕಿತು. ಕೈಯಿಂದಲೇ 42 ಸಾವಿರ ರೂಪಾಯಿ ಕೂಡಿಸಿದೆವು. ನಾಲ್ಕು ತಿಂಗಳು ಪ್ರತಿ ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗಿ ವಾಯರ್ ಬ್ರಷ್ ಹಿಡಿದು ತುಕ್ಕು ಉಜ್ಜಿದೆವು. ಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಎರಡು ಕೋಟ್ ಕರಿ ಎನಾಮಲ್. ಮುಂದಿನ ಅಡ್ಡ ತೊಲೆಗೆ, ಅಂದರೆ ಬಫರ್ ಬೀಮ್‌ಗೆ, ಕೆಂಪು, ಗಾಲಿಗಳನ್ನು ತಿರುಗಿಸುವ ರಾಡ್‌ಗಳಿಗೆ ಬೆಳ್ಳಿ ಬಣ್ಣ. ಎಂಜಿನ್ ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು. ಊರಿನವರು ಬಂದು ಫೋಟೋ ತೆಗೆಸಿಕೊಂಡರು.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು.

ಎಂಜಿನ್‌ನ ಮೂತಿಯಲ್ಲಿ, ಚಿಮಣಿಯ ಕೆಳಗೆ, ದುಂಡನೆ ಬಾಗಿಲಿರುವ ಭಾಗವೇ ಸ್ಮೋಕ್ ಬಾಕ್ಸ್. ಅದರ ತಳದಲ್ಲಿ ಹೆಬ್ಬೆರಳು ಹಿಡಿಯುವಷ್ಟು ಒಂದು ತೂತು ಇತ್ತು. ಮೊದಲ ಮುಂಗಾರು ಬಿದ್ದ ವಾರವೇ ಆ ತೂತಿನಿಂದ ಕಪ್ಪು ನೀರು ತೊಟ್ಟಿಕ್ಕಿ, ನಮ್ಮ ಹೊಸ ಬಣ್ಣದ ಮೇಲೆ ಇಳಿದು ಕಲೆ ಮಾಡಿತು. ಬಟ್ಟೆಯಿಂದ ಒರೆಸಿದೆ. ಮರುವಾರ ಮತ್ತೆ ಕಲೆ. ಮೂರನೇ ವಾರ ನಾನೇ ಎಂ-ಸೀಲ್ ತಂದು, ಕೈಯಲ್ಲಿ ನಾದಿ, ಆ ತೂತು ಮುಚ್ಚಿಬಿಟ್ಟೆ. ಮೇಲೊಂದು ಕೋಟ್ ಬಣ್ಣ ಎಳೆದೆ. ಕಲೆ ನಿಂತಿತು. ಸಮಸ್ಯೆ ಮುಗಿಯಿತು ಅಂದುಕೊಂಡೆ. ಆ ನೀರು ಯಾಕೆ ಕಪ್ಪಗಿದೆ, ಎಲ್ಲಿಂದ ಬರುತ್ತಿದೆ ಅಂತ ಒಂದು ಸಲವೂ ಯೋಚಿಸಲಿಲ್ಲ.

ಚಿಮಣಿಗೂ ಸ್ಮೋಕ್ ಬಾಕ್ಸ್‌ಗೂ ನಡುವೆ ಅಡ್ಡ ಏನೂ ಇರುವುದಿಲ್ಲ. ಮೇಲೆ ಬಿದ್ದ ಮಳೆ ನೇರ ಒಳಗೆ. ಓಡುವ ಎಂಜಿನ್‌ಗೆ ಇದರಿಂದ ತೊಂದರೆಯಿಲ್ಲ, ಒಳಗಿನ ಬಿಸಿಗೆ ಎಲ್ಲ ಒಣಗಿಹೋಗುತ್ತದೆ. ನಿಂತ ಎಂಜಿನ್‌ಗೆ ಮಾತ್ರ ಚಿಮಣಿ ಅಂದರೆ ಆಕಾಶಕ್ಕೆ ಬಾಯಿ ತೆರೆದ ಲಾಳಿಕೆ. ಒಳಗೆ ಏನಿರುತ್ತದೆ? ಕೊನೆಯ ಡ್ಯೂಟಿಯ ಬೂದಿ ಮತ್ತು ಅರೆಸುಟ್ಟ ಕಲ್ಲಿದ್ದಲಿನ ಹರಳು. ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ. ಆ ಬೂದಿ ನೀರು ಕುಡಿದರೆ ಆಮ್ಲ ಹುಟ್ಟುತ್ತದೆ. ಒಣಗಿದ್ದರೆ ಬೂದಿ ಎಷ್ಟು ವರ್ಷ ಇದ್ದರೂ ದೊಡ್ಡ ಕೆಡುಕಿಲ್ಲ, ಒದ್ದೆಯಾದರೆ ಕಬ್ಬಿಣ ತಿನ್ನುತ್ತದೆ. ಶೆಡ್‌ನವರು ಬಿಟ್ಟಿದ್ದ ಆ ತೂತು ಅಷ್ಟೂ ವರ್ಷ ಆ ವಿಷವನ್ನು ಹೊರಗೆ ಹಾಕುತ್ತಿತ್ತು. ನಾನು ಅದನ್ನು ಒಳಗೇ ಕಟ್ಟಿಹಾಕಿದೆ. ನಮ್ಮ ಕಡೆಯ ಮಳೆ ನಿಮಗೆ ಗೊತ್ತೇ ಇದೆ, ಧಾರವಾಡದ ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಹಾಗೆ ಎರಡು ಮಳೆಗಾಲ ಕಳೆದವು.

ಮೂರನೇ ವರ್ಷ ಕಾಕಾನನ್ನು ಕರೆದುಕೊಂಡು ಹೋದೆ. ಸುತ್ತ ಒಂದು ಸುತ್ತು ಬಂದರು. ಬಣ್ಣದ ಬಗ್ಗೆ ಮಾತಾಡಲಿಲ್ಲ. "ತಮ್ಮಾ, ಒಳಗ ಏನೈತಿ ನೋಡೀರೇನು?" ಅಂದರು. ಬಾಗಿಲಿನ ಹಿಡಿಕೆ ತುಕ್ಕು ಹಿಡಿದು ಕೂತಿತ್ತು. ಸೀಮೆಎಣ್ಣೆ ಹಾಕಿ, ದೊಡ್ಡ ಪಾನಾ ಹಚ್ಚಿ, ಸುತ್ತಿಗೆಯಿಂದ ಬಡಿದು ತೆಗೆಯಲು ಒಂದು ತಾಸು ಹಿಡಿಯಿತು. ಒಳಗೆ ಒಂದು ಗೇಣು ಕರಿ ಕೆಸರು. ಕಾಕಾ ಸಣ್ಣ ಕಬ್ಬಿಣದ ಸಲಾಕೆಯನ್ನು ತಳಕ್ಕೆ ಊರಿದರು. ಅದು ನೆನೆದ ಹಪ್ಪಳ ಚುಚ್ಚಿದ ಹಾಗೆ ಕೆಳಗೆ ಹಾದುಹೋಯಿತು. ಹೊರಗೆ ನನ್ನ ಕರಿ ಎನಾಮಲ್ ಮಾತ್ರ ತೆಳ್ಳನೆಯ ಚರ್ಮದ ಹಾಗೆ ನಿಂತಿತ್ತು, ಹಿಂದೆ ಕಬ್ಬಿಣ ಇರಲಿಲ್ಲ.

ಕಾಕಾ ಬಫರ್ ಬೀಮ್ ಮೇಲೆ ಕೂತರು. ಬಹಳ ಹೊತ್ತು ಸುಮ್ನೆ ಇದ್ದರು. ಆಮೇಲೆ, "ಗಾಡಿ ಶೆಡ್ಡಿಗೆ ಬಂತಂದ್ರ ಮೊದಲನೇ ಕೆಲಸಾನ ಬೂದಿ ತಗಿಯೂದು ಇತ್ತು, ತಮ್ಮಾ. ನೀವು ಅದೊಂದ ಬಿಟ್ಟು ಎಲ್ಲಾ ಮಾಡೀರಿ" ಅಂದರು.

ಬಾಯ್ಲರ್‌ನ ಮುಂಭಾಗದ ಭಾರ ಕೂರುವುದೇ ಆ ಸ್ಮೋಕ್ ಬಾಕ್ಸ್ ತಳದ ಮೇಲೆ. ಅದು ಕೊಳೆತರೆ ತೇಪೆ ಹಚ್ಚಿ ಸುಧಾರಿಸಲಾಗುವುದಿಲ್ಲ. ಕ್ರೇನ್ ತಂದು ಎತ್ತಬೇಕು, ಹೊಸ ತಗಡು ಬಗ್ಗಿಸಿ ಕೂಡಿಸಬೇಕು. ನಮ್ಮ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಅಪಾಯ ಅಂತ ಸಂಸ್ಥೆಯವರು ಬೇಲಿ ಹಾಕಿದರು. ಮರುವರ್ಷ ಎಂಜಿನ್ ಗುಜರಿಗೆ ಹೋಯಿತು. ಇಪ್ಪತ್ತು ವರ್ಷ ಯಾರೂ ಮುಟ್ಟದೆ ನಿಂತಿದ್ದ ಎಂಜಿನ್ ನಮ್ಮ ಪ್ರೀತಿ ಸಿಕ್ಕಿದ ಮೇಲೆ ನಾಲ್ಕು ವರ್ಷ ಬಾಳಲಿಲ್ಲ. ಇದು ಇವತ್ತಿಗೂ ನನಗೆ ನುಂಗಲಾರದ ತುತ್ತು.

ಹಾಗಾಗಿ ಯಾವ ಬಣ್ಣ ಅನ್ನುವ ಪ್ರಶ್ನೆಯನ್ನೇ ಬಿಡಿ. ಈ ವರ್ಷ ಬಣ್ಣಕ್ಕೆ ಒಂದು ರೂಪಾಯಿ ಹಾಕಬೇಡಿ. ಬೇಸಿಗೆಯಲ್ಲಿ, ಎಲ್ಲ ಒಣಗಿದ್ದಾಗ, ಸ್ಮೋಕ್ ಬಾಕ್ಸ್ ತೆಗೆದು ಬೂದಿಯನ್ನೆಲ್ಲ ಗೋರಿ ತೆಗೆಯಿರಿ. ಹಿಂದೆ, ಕಲ್ಲಿದ್ದಲು ಉರಿಯುವ ಫೈರ್ ಬಾಕ್ಸ್ ಕೆಳಗಿನ ಬೂದಿ ತಟ್ಟೆಯಲ್ಲೂ (ಆಶ್ ಪ್ಯಾನ್) ಬೂದಿ ಇರುತ್ತದೆ, ಅದನ್ನೂ ತೆಗೆಯಿರಿ. ಚಿಮಣಿಗೆ ತಗಡಿನ ಟೋಪಿ ಮಾಡಿಸಿ, ಆದರೆ ಗಾಳಿ ಆಡುವಂತೆ ಎರಡು ಬೆರಳು ಎತ್ತರಿಸಿ ಕೂಡಿಸಿ. ಬಾಯ್ಲರ್ ಕೆಳಗೆ, ಅದನ್ನು ತೊಳೆಯಲು ಇಟ್ಟ ವಾಶ್‌ಔಟ್ ಪ್ಲಗ್‌ಗಳನ್ನು ಬಿಚ್ಚಿ ನೀರು ನಿಂತಿದೆಯಾ ನೋಡಿ. ನೀರು ಹೊರಗೆ ಬರುವ ಯಾವ ದಾರಿಯನ್ನೂ ಮುಚ್ಚಬೇಡಿ. ದುಡ್ಡು ಉಳಿದರೆ ಮೇಲೆ ಶೀಟಿನ ಚಪ್ಪರ ಹಾಕಿಸಿ. ಒಳ್ಳೆಯ ಚಪ್ಪರದ ಕೆಳಗೆ ಬಣ್ಣವಿಲ್ಲದ ಎಂಜಿನ್ ಕೂಡ ಬದುಕುತ್ತದೆ.

ಬಾಯ್ಲರ್ ಮೇಲಿನ ತಗಡಿನ ಹೊದಿಕೆ ಹರಿದು, ಒಳಗಿಂದ ಬಿಳಿ ಹತ್ತಿಯಂಥದ್ದು ಇಣುಕುತ್ತಿದ್ದರೆ ಮುಟ್ಟಬೇಡಿ. ಹಳೆಯ ಎಂಜಿನ್‌ಗಳಲ್ಲಿ ಅದು ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಹುದು. ಅದನ್ನು ಗೊತ್ತಿರುವವರಿಂದಲೇ ತೆಗೆಸಿ.

ರಾಡ್‌ಗಳಿಗೆ ಬೆಳ್ಳಿ ಬಣ್ಣ ಬೇಡವೇ ಬೇಡ. ಕಾಕಾ ಆವತ್ತು ಒಂದು ರಾಡ್‌ನ ಬಣ್ಣವನ್ನು ಬ್ಲೇಡಿನಿಂದ ಕೆರೆದು ತೋರಿಸಿದರು. ಕೆಳಗೆ ಉಳಿಯಲ್ಲಿ ಕೊರೆದ ಹಾಗೆ ನಂಬರ್ ಇತ್ತು. ಬಲಗಡೆ ನಮ್ಮ ಎಂಜಿನ್ನಿನದೇ ನಂಬರ್, ಎಡಗಡೆ ಬೇರೆ ಯಾವುದೋ ಎಂಜಿನ್ನಿನದು. ಶೆಡ್‌ನಲ್ಲಿ ಒಂದರ ರಾಡ್ ಇನ್ನೊಂದಕ್ಕೆ ಹಾಕಿ ಗಾಡಿ ಹೊರಡಿಸಿದ್ದರು. ಯಾರೋ ಒಬ್ಬ ಫಿಟ್ಟರ್ ಯಾವುದೋ ರಾತ್ರಿ ಮಾಡಿದ ಕೆಲಸ ಅದು. ನಾವು ಅದರ ಮೇಲೆ ಬಣ್ಣ ಬಳಿದಿದ್ದೆವು. ರಾಡ್‌ಗಳಿಗೆ ಎಣ್ಣೆ, ಗ್ರೀಸ್ ಸಾಕು.

ಇನ್ನು ಓಡಿಸುವ ಮಾತು. ಬೇಡ ಅಂತಲೇ ಹೇಳುತ್ತೇನೆ. 1855ರ ಫೇರಿ ಕ್ವೀನ್ ಎಂಜಿನ್ 1997ರಲ್ಲಿ ಮತ್ತೆ ಓಡಿತು, ಹರಿಯಾಣದ ರೇವಾಡಿಯ ಶೆಡ್‌ನಲ್ಲಿ ಇಂದಿಗೂ ಉಗಿ ಎಂಜಿನ್‌ಗಳನ್ನು ಜೀವಂತ ಇಟ್ಟಿದ್ದಾರೆ, ನಿಜ. ಅದರ ಹಿಂದೆ ರೈಲ್ವೆಯ ಕಾರ್ಖಾನೆಗಳಿವೆ, ಕೆಲಸ ಗೊತ್ತಿರುವ ಕೈಗಳಿವೆ. ವೈಜಿ ಬಾಯ್ಲರ್ ಒಳಗಿನ ಒತ್ತಡ ಚದರ ಇಂಚಿಗೆ 210 ಪೌಂಡ್. ದಶಕಗಟ್ಟಲೆ ಮಳೆಯಲ್ಲಿ ನೆನೆದ ಬಾಯ್ಲರ್‌ನಲ್ಲಿ ಅಷ್ಟು ಉಗಿ ತುಂಬುವುದು ಗೆಳೆಯರ ಗುಂಪಿನ ಕೆಲಸ ಅಲ್ಲ. ಅದೂ ಅಲ್ಲದೆ ಓಡಿಸುವುದು ಎಲ್ಲಿ? ನಮ್ಮ ಹಳಿ ಈಗ 1676 ಮಿಲಿಮೀಟರ್, ನಿಮ್ಮ ಎಂಜಿನ್ನಿನದು 1000. ನೀಲಗಿರಿಯ ಹಳಿ ಮೀಟರ್ ಗೇಜ್ ಹೌದು, ಆದರೆ ಅಲ್ಲಿಯ ಘಟ್ಟ ಹತ್ತಲು ಹಲ್ಲುಗಾಲಿ ಇರುವ ಎಂಜಿನ್‌ಗಳೇ ಬೇಕು.

ಶುರು ಮಾಡುವ ಮೊದಲು ಒಂದು ದಿನ ಹುಬ್ಬಳ್ಳಿಗೆ ಬನ್ನಿ. ಗದಗ ರಸ್ತೆಯ ರೈಲು ಮ್ಯೂಸಿಯಂ 2020ರಲ್ಲಿ ಶುರುವಾಗಿದೆ. ಮೈಸೂರಿನದು 1979ರಿಂದ ಇದೆ, ಆದರೆ ಅದು ನಿಮಗೆ ದೂರ ಅಲ್ವಾ. ಹುಬ್ಬಳ್ಳಿಯ ಮ್ಯೂಸಿಯಂನಲ್ಲಿ ನಿಂತ ಬಂಡಿಗಳ ಹೊಳಪು ನೋಡಬೇಡಿ, ನೀರು ಎಲ್ಲಿ ಬೀಳುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಅಂತ ನೋಡಿ. ಹಾಗೆಯೇ ನಿಮ್ಮೂರಲ್ಲಿ ರಿಟೈರ್ ಆದ ಫೈರ್‌ಮನ್, ಫಿಟ್ಟರ್ ಯಾರಾದರೂ ಉಳಿದಿದ್ದರೆ ಈ ವಾರವೇ ಹೋಗಿ ಭೇಟಿಯಾಗಿ. ನಾನು ಕಾಕಾನನ್ನು ಮೂರನೇ ವರ್ಷ ಕರೆದುಕೊಂಡು ಹೋದೆ, ಮೊದಲ ಭಾನುವಾರವೇ ಕರೆಯಬೇಕಿತ್ತು.

ಬಾಗಿಲು ಏಳದಿದ್ದರೆ ಇಲ್ಲೇ ಬರೆಯಿರಿ. ಆ ದೊಡ್ಡ ಪಾನಾ ಇನ್ನೂ ನನ್ನ ಹತ್ತಿರ ಇದೆ. ಜೂನ್ ಒಳಗೆ ಯಾವ ಭಾನುವಾರ ಹೇಳಿದರೂ ತೆಗೆದುಕೊಂಡು ಬರುತ್ತೇನೆ.