ಕಿತ್ತೂರು ಗಂಡನ ಮನೆ, ಅರಗಾನ್ ತವರುಮನೆ

ಧಾರವಾಡ

'ಅರಮನೆಯ ಸೊಸೆಯರು' ಲೇಖನ ಕಳಿಸಿದವರಿಗೆ ನಮಸ್ಕಾರ.

ಲೇಖನ ಈಗಿರುವಂತೆ ಅಚ್ಚಿಗೆ ಹೋಗದು. ಭಾಷೆ ಓದಿಸಿಕೊಂಡು ಹೋಗುತ್ತದೆ, ಎಡವಿರುವುದು ಹೆಸರುಗಳಲ್ಲಿ. ಮದುವೆಯಾದ ಮೇಲೆ ರೇಷನ್ ಕಾರ್ಡಿನಲ್ಲಿ ಅಡ್ಡಹೆಸರು ಬದಲಿಸುವ ಲೆಕ್ಕವನ್ನೇ ಎಲ್ಲ ಅರಮನೆಗಳಿಗೂ ಹಚ್ಚಿದ್ದೀರಿ.

ಎರಡನೇ ಪುಟದಲ್ಲೇ 'ಪಟ್ಟದರಾಣಿ ಚೆನ್ನಮ್ಮ ದೇಸಾಯಿ' ಎಂದಿದೆ. ಆಕೆಯ ಗಂಡ ಮಲ್ಲಸರ್ಜನಿಗೆ ದೇಸಾಯಿ ಎಂಬುದು ದೇಸಗತಿಯ, ಅಂದರೆ ಸಂಸ್ಥಾನದ ಆಳ್ವಿಕೆಯ, ಪದವಿ. ಈಗ ಹುಬ್ಬಳ್ಳಿಯ ಮನೆಬಾಗಿಲುಗಳ ಮೇಲೆ ಕಾಣುವಂಥ ಅಡ್ಡಹೆಸರಲ್ಲ. ಪಟ್ಟದರಾಣಿಯೂ ಸಲ್ಲದು. ಮಲ್ಲಸರ್ಜ 1816ರಲ್ಲೇ ತೀರಿಕೊಂಡಿದ್ದ, ಹಿರಿಯ ಹೆಂಡತಿ ರುದ್ರಮ್ಮ. ನೀವು ವರ್ಣಿಸುವ 1824ರ ಕಾಳಗದ ಹೊತ್ತಿಗೆ ಚೆನ್ನಮ್ಮ ದತ್ತುಮಗನ ಪರವಾಗಿ ಸಂಸ್ಥಾನ ಕಾಯುತ್ತಿದ್ದ ವಿಧವೆ. 'ಕಿತ್ತೂರು ಚೆನ್ನಮ್ಮ' ಎಂದರೆ ಸಾಕು.

ಇಲ್ಲೊಂದು ಸೂಕ್ಷ್ಮವಿದೆ. ಕಿತ್ತೂರು ಆಕೆಯ ಗಂಡನ ಮನೆ, ತವರು ಕಾಕತಿ. ಇಂಗ್ಲೆಂಡಿನ ಎಂಟನೇ ಹೆನ್ರಿಯ ಮೊದಲ ಹೆಂಡತಿ ಕ್ಯಾಥರಿನ್ ಆಫ್ ಅರಗಾನ್ ವಿಷಯದಲ್ಲಿ ಇದು ತಿರುವುಮುರುವು: ಈಗಿನ ಸ್ಪೇನಿನಲ್ಲಿರುವ ಅರಗಾನ್ ಆಕೆಯ ಅಪ್ಪನ ರಾಜ್ಯ. ನೀವು 'ಅರಗಾನಿನ ಸೊಸೆ' ಎಂದುಬಿಟ್ಟಿದ್ದೀರಿ! ಹೆನ್ರಿಯ ಆರು ಹೆಂಡಿರಲ್ಲಿ ಮೂವರು ಕ್ಯಾಥರಿನ್ನರೇ. ಬದುಕಿದ್ದಾಗ ಮೂವರೂ ಅವರವರ ಕಾಲಕ್ಕೆ ಬರೀ 'ರಾಣಿ ಕ್ಯಾಥರಿನ್'. ಗೊಂದಲವಾಗಬಾರದೆಂದು ಇತಿಹಾಸಕಾರರು ಅರಗಾನ್, ಹೊವಾರ್ಡ್, ಪಾರ್ ಎಂದು ತವರಿನ ಗುರುತು ಹಚ್ಚುತ್ತಾರೆ. ಅದು ನಿಮ್ಮ ನಿರೂಪಣೆಯಲ್ಲಿರಲಿ. ನೀವು ಬರೆದ ಸಂಭಾಷಣೆಯಲ್ಲಿ ಸೇವಕಿಯ ಬಾಯಲ್ಲಿ 'ರಾಣಿ ಪಾರ್' ಬೇಡ.

ಡಯಾನಾ ಭಾಗದಲ್ಲಿ ಒಂದು ಅಲ್ಪವಿರಾಮವೇ ಕಥೆ ಕೆಡಿಸಿದೆ. ಅಪ್ಪ ಅರ್ಲ್ ಎಂಬ ಸಿರಿವಂತ ಪದವಿಯವನಾದ್ದರಿಂದ ಮದುವೆಗೆ ಮೊದಲು 'ಲೇಡಿ ಡಯಾನಾ ಸ್ಪೆನ್ಸರ್'. 1981ರ ಜುಲೈ 29ರಂದು ಯುವರಾಜ ಚಾರ್ಲ್ಸ್ ಜೊತೆ ಮದುವೆಯಾದ ಮೇಲೆ 'ದಿ ಪ್ರಿನ್ಸೆಸ್ ಆಫ್ ವೇಲ್ಸ್'. 1996ರ ಆಗಸ್ಟ್ 28ರಂದು ವಿಚ್ಛೇದನವಾದ ಮೇಲಷ್ಟೇ 'ಡಯಾನಾ, ಪ್ರಿನ್ಸೆಸ್ ಆಫ್ ವೇಲ್ಸ್'. ಹೆಸರು ಮುಂದೆ, ಅಲ್ಪವಿರಾಮ, ಆಮೇಲೆ ಪದವಿ: ಅಲ್ಲಿ ಇದು ಸಾಮಾನ್ಯವಾಗಿ ವಿಚ್ಛೇದಿತೆಯ ಗುರುತು. 1985ರ ಔತಣಕೂಟದಲ್ಲೇ ನೀವು ಹಾಗೆ ಬರೆದು, ಹನ್ನೊಂದು ವರ್ಷ ಮೊದಲೇ ಸೋಡಚೀಟಿ ಕೊಡಿಸಿದ್ದೀರಿ. 'ಪ್ರಿನ್ಸೆಸ್ ಡಯಾನಾ' ಜನ ಕರೆದದ್ದು, ಪದವಿಯ ರೂಪವಲ್ಲ. 'ಪ್ರಿನ್ಸೆಸ್ ಕೇಟ್ ಮಿಡಲ್ಟನ್' ಇನ್ನೂ ವಿಚಿತ್ರ. ಮಿಡಲ್ಟನ್ ತವರಿನದು, ಪ್ರಿನ್ಸೆಸ್ ಗಂಡ ವಿಲಿಯಂ ಕಡೆಯದು. 2011ರ ಮದುವೆಯಿಂದ ಕೇಂಬ್ರಿಜ್ ಡಚೆಸ್, 2022ರ ಸೆಪ್ಟೆಂಬರಿನಿಂದ ವೇಲ್ಸ್ ಪ್ರಿನ್ಸೆಸ್.

ಕನ್ನಡದಲ್ಲಿ ಮತ್ತೊಂದು ತೊಡಕು. ರಾಜಕುಮಾರಿ ಎಂದರೆ ನಮ್ಮ ಕಿವಿಗೆ ರಾಜನ ಮಗಳು. ಎರಡನೇ ಎಲಿಜಬೆತ್‌ಳ ಮಗಳು ಆ್ಯನ್ ರಾಜಕುಮಾರಿ; ಕೇಟ್ ಯುವರಾಣಿ. ಎಲಿಜಬೆತ್ ಸ್ವಂತ ಹಕ್ಕಿನಿಂದ ಆಳಿದ ರಾಣಿ, ಕ್ಯಾಮಿಲ್ಲಾ ರಾಜ ಚಾರ್ಲ್ಸನ ಹೆಂಡತಿಯಾದ್ದಕ್ಕೆ ರಾಣಿ. ಮೊದಲ ಸಲ ಬರುವಾಗ ಈ ವ್ಯತ್ಯಾಸ ಹೇಳಿಬಿಡಿ.

ಲಕ್ಕುಂಡಿಯ ಅತ್ತಿಮಬ್ಬೆಯನ್ನು ತೆಗೆಯಿರಿ. ಆಕೆ ದಂಡನಾಯಕ ನಾಗದೇವನ ಹೆಂಡತಿ, ರಾಣಿಯಲ್ಲ. 'ದಾನಚಿಂತಾಮಣಿ' ಆಕೆಯ ಗುಣಕ್ಕೆ ಬಂದ ಬಿರುದು, ಗಂಡನಿಂದ ಬಂದ ಪದವಿಯಲ್ಲ.

ಒಂದು ಹಾಳೆಯಲ್ಲಿ ನಾಲ್ಕು ಗೆರೆ ಎಳೆದುಕೊಳ್ಳಿ: ದೃಶ್ಯದ ಇಸವಿ, ತವರು, ಆಗ ಗಂಡನ ಪದವಿ, ಆಗ ಆಕೆಯ ಪದವಿ. ಪ್ರತಿ ಹೆಸರನ್ನೂ ಅದರ ಎದುರು ಒರೆಹಚ್ಚಿ. ಚೆನ್ನಮ್ಮನ ಮೂರು ಪುಟಗಳನ್ನು ಮೊದಲು ತಿದ್ದಿ ಕಳಿಸಿ, ಇಂಗ್ಲೆಂಡಿನದು ಆಮೇಲೆ ನೋಡೋಣ.

— ಸಂಪಾದಕ